ಪುಟ ತುಂಬ ಟಾಪರ್ ಫೋಟೊ, ನನ್ನ ಬೆಂಚಿನ ತುಂಬ ಹೆದರಿದ ಮಕ್ಕಳು

ಮಾನ್ಯ ಸಂಪಾದಕರೇ,

ಮೆಡಿಕಲ್ ಸೀಟಿಗೆ ಬರೆಯುವ ನೀಟ್ ಪರೀಕ್ಷೆಯ ಫಲಿತಾಂಶ ಬಂದ ಮಾರನೇ ದಿನ ನಿಮ್ಮ ಪತ್ರಿಕೆಯನ್ನು ನಾನು ಅಂಗಡಿಯ ಟೇಬಲ್ ಮೇಲೆ ಇಡುವುದಿಲ್ಲ. ಒಳಗಿಟ್ಟುಬಿಡುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ. ಬೇಲೂರಿನಲ್ಲಿ ನನ್ನದೊಂದು ಸಣ್ಣ ಸೈಬರ್ ಸೆಂಟರ್ ಇದೆ, ಜೆರಾಕ್ಸೂ ಮಾಡುತ್ತೇವೆ. ಅವತ್ತು ಪುಟ ತುಂಬ ಟಾಪರ್‌ಗಳ ಫೋಟೊ, ಅದರ ಸುತ್ತ ಕೋಚಿಂಗ್ ಜಾಹೀರಾತು. ನನ್ನ ಬೆಂಚಿನ ಮೇಲೆ ಕೂತ ಮಕ್ಕಳು ಅದನ್ನು ನೋಡುತ್ತಾ ಉಗುರು ಕಚ್ಚುತ್ತಾರೆ. ಒಬ್ಬ ಹುಡುಗ ಪೇಪರ್ ಮಡಚಿ, "ಅಣ್ಣಾ, ಪ್ರಿಂಟ್ ಬೇಡ, ಆಮೇಲೆ ಬರ್ತೀನಿ" ಅಂತ ಎದ್ದು ಹೋದ. ಮತ್ತೆ ಬರಲಿಲ್ಲ.

ನಾನು ಡಾಕ್ಟರೂ ಅಲ್ಲ, ಮೇಷ್ಟ್ರೂ ಅಲ್ಲ. ಆದರೆ ಈ ಮಕ್ಕಳ ಅರ್ಜಿ ತುಂಬುವವನು ನಾನು. ನೀಟ್‌ದೂ ತುಂಬುತ್ತೇನೆ, ರಾಜ್ಯದಲ್ಲಿ ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರ ಕೆಇಎದೂ ತುಂಬುತ್ತೇನೆ. ನೋಡಿ ನೋಡಿ ನನಗೆ ಅನಿಸಿರುವುದು ಒಂದೇ. ಓದು ಕಮ್ಮಿಯಾಗಿ ಕಳೆದುಕೊಳ್ಳುವವರು ಇದ್ದಾರೆ, ಸರಿ, ಆದರೆ ಸುಮ್ನೆ ಹೆದರಿ ಕೈಗೆ ಬಂದದ್ದನ್ನು ಬಿಡುವವರೂ ಇದ್ದಾರೆ. ಆ ಎರಡನೆಯವರಿಗಾಗಿ ಈ ಪತ್ರ.

ಮೊದಲು ಮಾರ್ಕ್ಸ್ ವಿಷಯ. ಹೋದ ವರ್ಷ ಪಕ್ಕದ ಮನೆಯವನಿಗೆ ಇಷ್ಟು ಬಂದಿತ್ತು, ನಿನಗೆ ಇಷ್ಟೇನಾ ಅಂತ ಕೇಳುವವರು ಮನೆಗೊಬ್ಬರು ಇದ್ದೇ ಇರುತ್ತಾರೆ, ಅಲ್ವಾ? ಅವರಿಗೆ ಇದನ್ನು ಓದಿ ಹೇಳಿ. 2024ರಲ್ಲಿ 720ಕ್ಕೆ 720 ತೆಗೆದವರು ಒಬ್ಬಿಬ್ಬರಲ್ಲ, ಬಹಳ ಜನ. 2025ರಲ್ಲಿ ದೇಶಕ್ಕೇ ಮೊದಲು ಬಂದ ಹುಡುಗನಿಗೆ ಸಿಕ್ಕಿದ್ದು 686. ಪೇಪರ್ ಕಷ್ಟವಾದರೆ ಎಲ್ಲರ ಮಾರ್ಕ್ಸೂ ಇಳಿಯುತ್ತದೆ. ಸೀಟು ಕೊಡುವುದು ರ‍್ಯಾಂಕ್ ನೋಡಿ, ಮಾರ್ಕ್ಸ್ ನೋಡಿ ಅಲ್ಲ. ಇನ್ನು ಕೆಲವರು ಅರ್ಹತೆಗೆ ಬೇಕಾದ 50 ಪರ್ಸೆಂಟೈಲ್ ಅಂದರೆ 360 ಮಾರ್ಕ್ಸ್ ಅಂದುಕೊಂಡು ಅಳುತ್ತಾ ಬರುತ್ತಾರೆ. ಪರ್ಸೆಂಟೈಲ್ ಅಂದರೆ ಬರೆದವರಲ್ಲಿ ಶೇಕಡಾ ಎಷ್ಟು ಜನರಿಗಿಂತ ನೀವು ಮುಂದಿದ್ದೀರಿ ಅನ್ನುವ ಲೆಕ್ಕ, ಮಾರ್ಕ್ಸ್ ಅಲ್ಲ. 2025ರಲ್ಲಿ ಸಾಮಾನ್ಯ ವರ್ಗದವರು ಅರ್ಹತೆ ಪಡೆಯಲು ಬೇಕಾಗಿದ್ದು 144. ಅರ್ಹತೆ ಬಂದರೆ ಸೀಟು ಬಂತು ಅಂತಲ್ಲ, ಅದು ಬೇರೆ ಮಾತು. ಆದರೆ ಫೇಲ್ ಆದೆ ಅಂತ ಅಳುವ ಮಗುವಿಗೆ, ನೀನು ಫೇಲ್ ಆಗಿಲ್ಲ ಕಣಪ್ಪ ಅಂತ ಹೇಳುವವರಾದರೂ ಬೇಕಲ್ಲ.

ಪರೀಕ್ಷೆ ಇನ್ನೂ ಬರೆಯಬೇಕಾದವರಿಗೆ ನಾನು ಜಾಸ್ತಿ ಹೇಳುವ ಹಾಗಿಲ್ಲ. 180 ಪ್ರಶ್ನೆ, ಮೂರು ಗಂಟೆ, ಅದರಲ್ಲಿ ಅರ್ಧ ಬಯಾಲಜಿ. ಸರಿಗೆ 4, ತಪ್ಪಿಗೆ ಒಂದು ಕಳೆಯುತ್ತಾರೆ, ಬಿಟ್ಟರೆ ಏನೂ ಇಲ್ಲ. ಗೊತ್ತಿಲ್ಲದ್ದನ್ನು ಬಿಟ್ಟು ಬಂದರೆ ನಾಚಿಕೆ ಪಡಬೇಕಾಗಿಲ್ಲ. ಕನ್ನಡದಲ್ಲೂ ಪ್ರಶ್ನೆಪತ್ರಿಕೆ ಸಿಗುತ್ತದೆ, ಅರ್ಜಿಯಲ್ಲೇ ಆರಿಸಿಕೊಳ್ಳಬೇಕು.

ಈಗ ನನಗೆ ಗೊತ್ತಿರುವ ಕಡೆ ಬರುತ್ತೇನೆ. ಒಂದು ಸಂಜೆ, ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳನ್ನು ಸಾಲಾಗಿ ಕೆಇಎಗೆ ಬರೆದು ಕೊಡುವುದಕ್ಕೆ, ಕೊನೇ ದಿನ, ಹೊರಗೆ ಜೋರು ಮಳೆ. ಅರೇಹಳ್ಳಿ ಕಡೆಯ ಒಂದು ಹುಡುಗಿ ಅಮ್ಮನ ಜೊತೆ ಬಸ್ಸಿಳಿದು ಬಂದಳು. ಒದ್ದೆ ಕವರಿನಲ್ಲಿ ದಾಖಲೆ. ಲಾಗಿನ್ ಮಾಡಿದರೆ ಓಟಿಪಿ ಹೋಗುತ್ತಿರುವುದು ಅಪ್ಪನ ಫೋನಿಗೆ. ಅಪ್ಪ ಇರುವುದು ಎಸ್ಟೇಟ್ ಲೈನಿನಲ್ಲಿ, ಅಲ್ಲಿ ನೆಟ್‌ವರ್ಕ್ ಇಲ್ಲ. ಹುಡುಗಿ ನಡುಗುತ್ತಿದ್ದಳು, ಮಳೆಗೋ ಭಯಕ್ಕೋ ಗೊತ್ತಾಗಲಿಲ್ಲ. ಯಾರೋ ಪರಿಚಯದವರಿಗೆ ಫೋನ್ ಮಾಡಿ, ಅವರು ಬೈಕಿನಲ್ಲಿ ಹೋಗಿ ಅಪ್ಪನನ್ನು ಗುಡ್ಡದ ಮೇಲೆ ಹತ್ತಿಸಿ, ಓಟಿಪಿ ಕೂಗಿ ಹೇಳಿಸಿ, ಅಷ್ಟರಲ್ಲಿ ಅದರ ಟೈಮ್ ಮುಗಿದು, ಮತ್ತೆ ಕಳಿಸಿ... ಅಂತೂ ಒಳಗೆ ಹೋದೆವು. ಆಮೇಲೆ ಅವಳು ಹಾಕಿಸಿದ್ದು ಎರಡೇ ಕಾಲೇಜು. ಯಾಕಮ್ಮ ಅಂದರೆ, "ಮಿಕ್ಕಿದ್ದು ನಂಗೆಲ್ಲಿ ಸಿಗುತ್ತೆ ಅಂಕಲ್" ಅಂದಳು.

ಇದೇ ನೋಡಿ ನಾನು ಹೇಳುತ್ತಿರುವುದು. ಆಪ್ಷನ್ ಎಷ್ಟು ಬೇಕಾದರೂ ಹಾಕಬಹುದು. ಮೇಲಿನ ಕಾಲೇಜು ಸಿಗದಿದ್ದರೆ ಅದರ ಕೆಳಗಿನದನ್ನು ನೋಡುತ್ತಾರೆ, ಅದೂ ಇಲ್ಲದಿದ್ದರೆ ಇನ್ನೂ ಕೆಳಗಿನದು. ದೊಡ್ಡ ಕಾಲೇಜನ್ನು ಮೇಲೆ ಬರೆದದ್ದಕ್ಕೆ ಕೆಳಗಿನದು ತಪ್ಪಿಹೋಗುವುದಿಲ್ಲ. ಹಾಸನದಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಚಿಕ್ಕಮಗಳೂರಿನಲ್ಲೂ ಈಗ ಇದೆ, ಹಾಕಿ. ಬೀದರ್, ರಾಯಚೂರು ದೂರ ಅಂತ ಬಿಡಬೇಡಿ, ರೈಲಿದೆ. ಆದರೆ ಫೀಸ್ ಕಟ್ಟಲು ಆಗದ ಖಾಸಗಿ ಕೋಟಾವನ್ನು ಆಸೆಗೆ ಬಿದ್ದು ಮೇಲೆ ಹಾಕಬೇಡಿ. ಸಿಕ್ಕಿಬಿಟ್ಟರೆ ಕಷ್ಟ. ಮೊದಲು ಅಣಕು ಸೀಟು ಹಂಚಿಕೆ ಅಂತ ಮಾಡುತ್ತಾರೆ, ಅದನ್ನು ನೋಡಿ ಪಟ್ಟಿ ತಿದ್ದಬಹುದು. ನಾನೇ ಒಮ್ಮೆ ನಿದ್ದೆಗಣ್ಣಲ್ಲಿ ಒಂದು ಕಾಲೇಜಿನ ಕೋಡ್ ತಪ್ಪಾಗಿ ಹೊಡೆದಿದ್ದೆ, ಅಣಕು ಹಂಚಿಕೆಯಲ್ಲಿ ಗೊತ್ತಾಯಿತು, ಆ ಹುಡುಗನ ಕಾಲು ಹಿಡಿಯುವುದೊಂದು ಬಾಕಿ. ನನ್ನಂಥವರನ್ನು ನಂಬಿ ಎದ್ದು ಹೋಗಬೇಡಿ, ಪ್ರಿಂಟ್ ತೆಗೆಸಿ ಕೂತು ಓದಿ.

ಇನ್ನೊಂದು. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಕೆಇಎ ಅರ್ಜಿ ತುಂಬುವಾಗಲೇ ಅದನ್ನು ಕೇಳಬೇಕು, ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ ಬೇಕು. ಹಳ್ಳಿ ಶಾಲೆ ಅಂತ ಹೇಳಿಕೊಳ್ಳಲು ನಾಚಿ ಅದನ್ನು ಬಿಟ್ಟವರನ್ನೂ ಕಂಡಿದ್ದೇನೆ. ಏನು ಹೇಳೋಣ.

ಈ ಸಲ ಆಗಲಿಲ್ಲ ಅಂದರೆ? ನೀಟ್‌ಗೆ ಇಷ್ಟೇ ಸಲ ಅಂತ ಮಿತಿಯಿಲ್ಲ, ವಯಸ್ಸಿನ ಗರಿಷ್ಠ ಮಿತಿಯೂ ಇಲ್ಲ. ಇನ್ನೊಂದು ವರ್ಷ ಓದುವುದಕ್ಕೆ ಅವಮಾನ ಏನು ಬಂತು? ಆದರೆ ಮೂರನೇ ವರ್ಷ, ನಾಲ್ಕನೇ ವರ್ಷ ಅಪ್ಪ ಅಮ್ಮನ ಹಟಕ್ಕೆ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ನನ್ನ ಅಕ್ಕನ ಮಗಳು ಎರಡು ಸಲ ನೀಟ್ ಬರೆದಳು. ಆಮೇಲೆ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯ ರ‍್ಯಾಂಕಿನಲ್ಲಿ ಹಾಸನದ ಪಶುವೈದ್ಯಕೀಯ ಕಾಲೇಜು ಸೇರಿದಳು. ಅದೂ ಎಂಬಿಬಿಎಸ್ ಹಾಗೆ ಐದೂವರೆ ವರ್ಷವೇ. ಮೊದಲ ತಿಂಗಳು ಅತ್ತಳು. ಈಗ ನಮ್ಮ ಮನೆಗೆ ಬಂದರೆ ಮೊದಲು ಹೋಗುವುದು ಕೊಟ್ಟಿಗೆಗೆ, ನನ್ನನ್ನು ಮಾತಾಡಿಸುವುದು ಆಮೇಲೆ! ಆಯುರ್ವೇದ, ನರ್ಸಿಂಗ್, ಫಾರ್ಮಸಿ ಎಲ್ಲ ಇವೆ, ಆಸ್ಪತ್ರೆ ನಡೆಯುವುದು ಡಾಕ್ಟರ್ ಒಬ್ಬರಿಂದಲೇನಾ?

ರಾತ್ರಿ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಏನೇನೋ ಯೋಚನೆ ಬರುತ್ತಿದೆ ಅನ್ನುವ ಮಕ್ಕಳು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ನನ್ನ ಪ್ರಿಂಟರ್ ಮೇಲೂ ಅಂಟಿಸಿದ್ದೇನೆ.

ಸಂಪಾದಕರೇ, ಟಾಪರ್ ಫೋಟೊ ಹಾಕಬೇಡಿ ಅನ್ನುವುದಿಲ್ಲ, ಪಾಪ ಅವರೂ ಕಷ್ಟಪಟ್ಟಿದ್ದಾರೆ. ಅದರ ಪಕ್ಕ ಕಾಲು ಪುಟ ಕೊಡಿ. ಕೆಇಎ ದಿನಾಂಕಗಳು, ಬೇಕಾದ ದಾಖಲೆ, ಆಪ್ಷನ್ ಹೇಗೆ ಹಾಕಬೇಕು, ಇಷ್ಟು ದೊಡ್ಡ ಅಕ್ಷರದಲ್ಲಿ ಹಾಕಿ. ಆ ದಿನದ ಪೇಪರನ್ನು ಒಳಗಿಡುವುದಿಲ್ಲ. ಆ ಪುಟವನ್ನು ಜೆರಾಕ್ಸ್ ಮಾಡಿ ಅಂಗಡಿಗೆ ಬಂದವರಿಗೆಲ್ಲ ಕೊಡುತ್ತೇನೆ, ಕಾಸು ಬೇಡ.

– ಸೈಬರ್ ಸೆಂಟರ್‌ನವನು, ಬೇಲೂರು, ಹಾಸನ ಜಿಲ್ಲೆ