ಯಾವ ಕಪ್? ಯಾವ ಓವನ್?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಈಚೆಗೆ ಬೆಳಗಿನ ತಿಂಡಿಗೆ ಮನೆಯಲ್ಲೇ ಬೇಕ್ ಮಾಡುವ ಸಿಹಿ ತಿನಿಸುಗಳ ರೆಸಿಪಿ ಬರುತ್ತಿವೆ. ಬಾಳೆಹಣ್ಣಿನ ಬ್ರೆಡ್, ಓಟ್ಸ್ ಮಫಿನ್, ದಾಲ್ಚಿನ್ನಿ ರೋಲ್. ಒಳ್ಳೆಯದೇ. ನಿವೃತ್ತಿಯಾದ ಮೇಲೆ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿ ನನ್ನ ಪಾಲಿಗೆ ಬಂದಿದೆ. ಮೊಮ್ಮಗಳಿಗೆ ಉಪ್ಪಿಟ್ಟು ಅಂದರೆ ಆಗುವುದಿಲ್ಲ. ಹಾಗಾಗಿ ಈ ರೆಸಿಪಿಗಳನ್ನು ಓದಿ ಪಕ್ಕಕ್ಕಿಡುವವನಲ್ಲ ನಾನು, ಮಾಡಿ ನೋಡುವವನು. ಮಾಡಿ ನೋಡಿದ್ದರಿಂದಲೇ ಈ ಪತ್ರ.

ಮೊದಲು ಕಪ್ಪಿನ ವಿಷಯ. ‘ಒಂದು ಕಪ್ ಮೈದಾ, ಮುಕ್ಕಾಲು ಕಪ್ ಸಕ್ಕರೆ’ ಅಂತ ಬರೆಯುತ್ತೀರಿ. ಯಾವ ಕಪ್? ಅಂಗಡಿಯಲ್ಲಿ ಸಿಗುವ ಅಳತೆ ಕಪ್ಪುಗಳಲ್ಲೇ 240 ಮಿಲಿಲೀಟರಿನದ್ದೂ ಇದೆ, 250ರದ್ದೂ ಇದೆ. ನಮ್ಮ ಮನೆಯ ಕಾಫಿ ಕಪ್ಪಿಗೆ 150 ಹಿಡಿದರೆ ಹೆಚ್ಚು. ಅದೂ ಹೋಗಲಿ. ಒಂದೇ ಕಪ್ಪಿಗೆ ಮೈದಾವನ್ನು ಚಮಚದಲ್ಲಿ ಹಗುರಾಗಿ ತುಂಬಿದರೆ 120 ಗ್ರಾಂ ಆಸುಪಾಸು ಬರುತ್ತದೆ. ಕಪ್ಪನ್ನೇ ಡಬ್ಬಿಗೆ ಅದ್ದಿ, ಒತ್ತಿ ತೆಗೆದರೆ 150 ಮುಟ್ಟುತ್ತದೆ. ಒಂದು ಕಪ್ ರವೆ ಇನ್ನೂ ತೂಕ. ಚಿತ್ರಾನ್ನಕ್ಕೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಆಮೇಲೆ ಹಾಕಿಕೊಳ್ಳಬಹುದು. ಓವನ್ ಒಳಗೆ ಹೋದ ಹಿಟ್ಟಿಗೆ ಆಮೇಲೆ ಅನ್ನೋದೇ ಇಲ್ಲ. ದಯವಿಟ್ಟು ಗ್ರಾಂನಲ್ಲಿ ಬರೆಯಿರಿ. ಅಡುಗೆಮನೆಯ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಈಗ ಐನೂರು ರೂಪಾಯಿ ಒಳಗೆ ಸಿಗುತ್ತದೆ. ರೆಸಿಪಿಯ ಜೊತೆ ಅಚ್ಚಾಗುವ ಪಿಂಗಾಣಿ ತಟ್ಟೆಗಿಂತ ಅಗ್ಗ.

ಎರಡನೆಯದು ಸೋಡಾ. ಒಂದು ರೆಸಿಪಿಯಲ್ಲಿ ‘ಬೇಕಿಂಗ್ ಪೌಡರ್ ಅಥವಾ ಸೋಡಾ, ಒಂದು ಚಮಚ’ ಅಂತ ಇತ್ತು. ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನಿಗೆ ಇದನ್ನು ಓದಿ ಸುಮ್ನೆ ಕೂರಲಾಗಲಿಲ್ಲ. ಅಡುಗೆ ಸೋಡಾ ಅಂದರೆ ಬರೀ ಸೋಡಿಯಂ ಬೈಕಾರ್ಬನೇಟ್. ಅದು ಹಿಟ್ಟನ್ನು ಚೆನ್ನಾಗಿ ಉಬ್ಬಿಸಬೇಕಾದರೆ ಜೊತೆಗೆ ಹುಳಿ ಬೇಕು. ಮೊಸರು, ಬೆಲ್ಲ, ಬಾಳೆಹಣ್ಣು, ಏನಾದರೂ. ಬೇಕಿಂಗ್ ಪೌಡರಿನಲ್ಲಿ ಅದೇ ಸೋಡಾದ ಜೊತೆ ಹುಳಿಯ ಪುಡಿಯೂ ಇರುತ್ತದೆ, ತೇವ ಹೀರಿಕೊಳ್ಳಲಿ ಅಂತ ಸ್ವಲ್ಪ ಕಾರ್ನ್‌ಫ್ಲೋರೂ ಇರುತ್ತದೆ. ಅದಕ್ಕೆ ನೀರು ತಾಗಿದರೆ ಸಾಕು, ಕೆಲಸ ಶುರು. ಪೌಡರಿಗಿಂತ ಸೋಡಾ ಮೂರು ಪಾಲಾದರೂ ಜೋರು. ಬರೀ ಹಾಲು, ಸಕ್ಕರೆ, ಮೈದಾ ಇರುವ ಹಿಟ್ಟಿಗೆ ಪೌಡರಿನ ಬದಲು ಅಷ್ಟೇ ಸೋಡಾ ಸುರಿದರೆ ಮಫಿನ್ ತಿಂದವರಿಗೆ ಸೋಪಿನ ರುಚಿ ಸಿಗುತ್ತದೆ. ‘ಅಥವಾ’ ಅನ್ನುವ ಪದ ಅಲ್ಲಿ ಕೂರುವುದಿಲ್ಲ ಸ್ವಾಮಿ.

ಅದೇ ರೆಸಿಪಿಯಲ್ಲಿ ‘ಹಿಟ್ಟು ರಾತ್ರಿಯೇ ಕಲಸಿಟ್ಟುಕೊಂಡರೆ ಬೆಳಗ್ಗೆ ಸುಲಭ’ ಅಂತಲೂ ಇತ್ತು. ಬೆಳಗ್ಗೆ ಆರಕ್ಕೆ ಎದ್ದು ಹಿಟ್ಟು ಕಲಸಿ, ಓವನ್ ಕಾಯಿಸಿ, ಮುಕ್ಕಾಲು ಗಂಟೆ ಬೇಯಿಸಿ, ಏಳೂವರೆಯ ಸ್ಕೂಲ್ ವ್ಯಾನಿಗೆ ಮಗುವನ್ನು ಹತ್ತಿಸುವುದು ಯಾರಿಂದಲೂ ಆಗದು. ಆ ಕಷ್ಟ ಬರೆದವರಿಗೆ ಅರ್ಥವಾಗಿದೆ, ಸಂತೋಷ. ಆದರೆ ಸೋಡಾ ಹಾಕಿ ಕಲಸಿದ ಹಿಟ್ಟು ರಾತ್ರಿಯಿಡೀ ಕಾಯುವುದಿಲ್ಲ. ಗಾಳಿಯೆಲ್ಲ ಹೊರಟುಹೋಗಿ ಬೆಳಗ್ಗೆ ಉಳಿಯುವುದು ಮುದ್ದೆ. ಒಣ ಸಾಮಾನು ಒಂದು ಡಬ್ಬಿಯಲ್ಲಿ, ಹಸಿ ಸಾಮಾನು ಫ್ರಿಜ್ಜಿನಲ್ಲಿ ಬೇರೆ ಬೇರೆ ಇಟ್ಟುಕೊಂಡು ಬೆಳಗ್ಗೆ ಸೇರಿಸಬಹುದು. ಅದಕ್ಕಿಂತ ಸುಲಭ ಅಂದರೆ ರಾತ್ರಿಯೇ ಬೇಯಿಸಿಡುವುದು. ಬಾಳೆಹಣ್ಣಿನ ಬ್ರೆಡ್ ಮರುದಿನವೇ ಚೆಂದ. ಹೊರಗಿನ ಗಟ್ಟಿ ಪದರ ಮೆತ್ತಗಾಗಿ, ಹಣ್ಣಿನ ವಾಸನೆ ಒಳಗೆಲ್ಲ ಇಳಿದಿರುತ್ತದೆ. ಬೆಳಗ್ಗೆ ಒಂದು ಹೋಳು ಕತ್ತರಿಸಿ ಕಾವಲಿಯ ಮೇಲೆ ಚೂರು ಬೆಣ್ಣೆ ಹಾಕಿ ಬೆಚ್ಚಗೆ ಮಾಡಿದರೆ ಮುಗಿಯಿತು.

ನಾನು ಮಾಡುವ ಲೆಕ್ಕ ಇದು, ಬೇಕಾದರೆ ಅಚ್ಚು ಹಾಕಿ. ಗೋಧಿ ಹಿಟ್ಟು 200 ಗ್ರಾಂ, ಸಿಪ್ಪೆ ಕಪ್ಪಾದ ಪಚ್ಚಬಾಳೆ ಹಣ್ಣು ಸುಲಿದ ಮೇಲೆ 300 ಗ್ರಾಂ, ಬೆಲ್ಲದ ಪುಡಿ 120, ಗಟ್ಟಿ ಮೊಸರು 100, ವಾಸನೆಯಿಲ್ಲದ ಎಣ್ಣೆ 60. ಸೋಡಾ ಟೀ ಚಮಚದಲ್ಲಿ ಮುಕ್ಕಾಲು, ಉಪ್ಪು ಒಂದು ಚಿಟಿಕೆ. ಮೊಟ್ಟೆ ಬೇಡ. ಹಣ್ಣನ್ನು ಕೈಯಲ್ಲೇ ಕಿವುಚಿ. ಹಿಟ್ಟು ಸೇರಿಸಿದ ಮೇಲೆ ಜಾಸ್ತಿ ತಿರುವಬೇಡಿ. ಒಣ ಹಿಟ್ಟು ಕಾಣದಂತಾದರೆ ಅಲ್ಲಿಗೇ ನಿಲ್ಲಿಸಿ. ಚಪಾತಿಗೆ ನಾದಿದ ಹಾಗೆ ತಿರುವಿದರೆ ಅಂಟು ಎದ್ದು ಬ್ರೆಡ್ ರಬ್ಬರಾಗುತ್ತದೆ. 180 ಡಿಗ್ರಿಯಲ್ಲಿ 50 ನಿಮಿಷ ಬೇಕು. ತೆಂಗಿನ ಗರಿಯ ಕಡ್ಡಿ ಚುಚ್ಚಿ ನೋಡಿ. ಹಸಿ ಹಿಟ್ಟು ಅಂಟದೆ ಬಂದರೆ ಬೆಂದಿದೆ ಅಂತ ಲೆಕ್ಕ.

ಇನ್ನು ಓವನ್. ‘ಓವನ್ ಅನ್ನು 180 ಡಿಗ್ರಿಗೆ ಕಾಯಿಸಿಕೊಳ್ಳಿ’ ಅಂತ ಎಲ್ಲ ರೆಸಿಪಿಯೂ ಶುರುವಾಗುತ್ತದೆ. ಇದು ಪೇಟೆಯ ಎಷ್ಟು ಮನೆಗೆ ಅನ್ವಯಿಸುತ್ತದೆ, ಹಳ್ಳಿಯ ಎಷ್ಟು ಮನೆಗೆ ಅನ್ವಯಿಸುತ್ತದೆ, ನೀವೇ ಯೋಚಿಸಿ. ಓವನ್ ಇದ್ದವರ ಪಾಡೂ ಅಷ್ಟೇನು ಸಲೀಸಲ್ಲ. ನಮ್ಮ ಓಟಿಜಿಯಲ್ಲಿ (ಮೇಜಿನ ಮೇಲಿಡುವ ಸಣ್ಣ ಕರೆಂಟ್ ಓವನ್) ಗುಂಡಿಯನ್ನು 180ಕ್ಕೆ ತಿರುಗಿಸಿದರೆ ಒಳಗಿಟ್ಟ ಉಷ್ಣಮಾಪಕ 160 ಮುಟ್ಟುವುದೇ ಕಷ್ಟ. ಫ್ಯಾನ್ ಇರುವ ಕನ್ವೆಕ್ಷನ್ ಓವನ್ ಆದರೆ ಉಲ್ಟಾ. ಅದರಲ್ಲಿ ಬಿಸಿಗಾಳಿ ತಿರುಗುವುದರಿಂದ 20 ಡಿಗ್ರಿ ಕಡಿಮೆ ಇಡಬೇಕು. ಬರೀ ಬಿಸಿ ಮಾಡುವ ಸಾದಾ ಮೈಕ್ರೋವೇವ್ ಇದ್ದವರು ಈ ಗೋಜಿಗೇ ಹೋಗಬಾರದು. ಅದರಲ್ಲಿ ಹಿಟ್ಟು ಬೇಯುತ್ತದೆ, ಆದರೆ ಮೇಲೆ ಕೆಂಪಾಗುವುದಿಲ್ಲ, ಆರಿದ ಮೇಲೆ ಕಲ್ಲು. ಇದನ್ನು ಒಂದು ಸಾಲಿನಲ್ಲಿ ಹೇಳಿದರೆ ಎಷ್ಟೋ ಮನೆಯ ಹಿಟ್ಟು ಉಳಿಯುತ್ತದೆ. ಕರೆಂಟ್ ಬಿಲ್ಲಿನ ಹೆದರಿಕೆ ಇರುವವರಿಗೂ ಒಂದು ಮಾತು. 1500 ವಾಟಿನ ಓವನ್ ಒಂದು ಗಂಟೆ ಎಡೆಬಿಡದೆ ಉರಿದರೂ ಒಂದೂವರೆ ಯೂನಿಟ್ಟು. ಬಿಸಿ ಏರಿದ ಮೇಲೆ ಅದು ಆಗಾಗ ತಾನೇ ಆರಿ ಹತ್ತುತ್ತದಾದ್ದರಿಂದ ಅಷ್ಟೂ ಆಗುವುದಿಲ್ಲ.

ಓವನ್ ಇಲ್ಲದವರಿಗೆ ದಪ್ಪ ತಳದ ಪಾತ್ರೆ ಸಾಕು. ತಳಕ್ಕೆ ಒಂದು ಪದರ ಕಲ್ಲುಪ್ಪು ಹರಡಿ, ಮೇಲೆ ಕುಕ್ಕರಿನ ಸ್ಟ್ಯಾಂಡ್ ಇಟ್ಟು, ಭಾರದ ಮುಚ್ಚಳ ಮುಚ್ಚಿ ಹತ್ತು ನಿಮಿಷ ಕಾಯಿಸಬೇಕು. ನೀರು ಹಾಕಬಾರದು. ಆಮೇಲೆ ಹಿಟ್ಟಿನ ಟಿನ್ ಇಳಿಸಿ ಸಣ್ಣ ಉರಿಯಲ್ಲಿ ಬಿಟ್ಟರೆ ಓವನ್ನಿಗಿಂತ ಹತ್ತು ಹದಿನೈದು ನಿಮಿಷ ಜಾಸ್ತಿ ಹಿಡಿಯುತ್ತದೆ. ಮೇಲ್ಭಾಗ ಬಿಳಚಿಕೊಂಡೇ ಇರುತ್ತದೆ, ಮಗುಚಿ ಬಡಿಸಿದರೆ ಯಾರಿಗೂ ಗೊತ್ತಾಗದು. ಕೆಲವರು ಕುಕ್ಕರನ್ನೇ ಗ್ಯಾಸ್ಕೆಟ್ಟು, ವಿಷಲ್ ತೆಗೆದು ಬಳಸುತ್ತಾರೆ. ನಮ್ಮನೆಯವಳು ಕುಕ್ಕರ್ ಮುಟ್ಟಲು ಬಿಡುವುದಿಲ್ಲ. ಅವಳ ಮಾತು ಸರಿಯೇ. ನೀರಿಲ್ಲದೆ ಅಷ್ಟು ಹೊತ್ತು ಕಾದರೆ ಅಲ್ಯೂಮಿನಿಯಂ ಕುಕ್ಕರ್ ಬಾಳುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಮುಖ್ಯ ಮಾತಿಗೆ ಬರಲಿಕ್ಕೆ. ಮೇಲೆ ಕೆಳಗೆ ಎರಡೂ ಕಡೆಯಿಂದ ಬಿಸಿ ಕೊಟ್ಟು ಸಿಹಿ ತಿಂಡಿ ಬೇಯಿಸುವುದು ಓವನ್ನಿನ ಜೊತೆ ಬಂದ ವಿದ್ಯೆಯಲ್ಲ. ನಾನು ಹೊನ್ನಾವರ ಕಡೆಯವನು, ಈಗ ಇರುವುದು ಶಿವಮೊಗ್ಗದಲ್ಲಿ. ನಮ್ಮ ಉತ್ತರ ಕನ್ನಡದ ಕರಾವಳಿಯ ಕೊಂಕಣಿ ಮನೆಗಳಲ್ಲಿ ತವಸಳಿ ಅಂತ ಮಾಡುತ್ತಾರೆ. ಸೌತೆಕಾಯಿಯ ಕೇಕ್ ಅಂದರೆ ಬಯಲುಸೀಮೆಯವರು ನಗುತ್ತಾರೆ, ತಿಂದ ಮೇಲೆ ಇನ್ನೊಂದು ತುಂಡು ಕೇಳುತ್ತಾರೆ. ಪಕ್ಕದ ಮನೆಯಿಂದ ಕಲಿತು ನಮ್ಮ ಆಯಿಯೂ ಮಾಡುತ್ತಿದ್ದರು. ಮಳೆಗಾಲದ ದೊಡ್ಡ ಸೌತೆಕಾಯಿ ಬೇಕು, ಬಲಿತು ಸಿಪ್ಪೆ ಹಳದಿಗೆ ತಿರುಗಿದ್ದಾದರೆ ಇನ್ನೂ ಒಳ್ಳೆಯದು. ಎರಡು ಸೀಳು ಮಾಡಿ, ತಿರುಳಿನ ಬೀಜವನ್ನು ಚಮಚದಲ್ಲಿ ಕೆರೆದು ತೆಗೆದು, ಸಿಪ್ಪೆ ಹೆರೆದು ತುರಿಯುವುದು. ತುರಿದದ್ದನ್ನು ಹಿಂಡಬಾರದು. ಆ ನೀರೇ ಇದರ ಜೀವ, ಬೇರೆ ಒಂದು ಹನಿ ನೀರು ಹಾಕುವಂತಿಲ್ಲ.

ಅಕ್ಕಿ ರವೆಯನ್ನು (ಇಡ್ಲಿ ರವೆ ಆಗುತ್ತದೆ) 180 ಗ್ರಾಂ ತೆಗೆದುಕೊಂಡು ಎರಡು ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಬಣ್ಣ ಬದಲಾಗಬಾರದು, ಘಮ ಬಂದರೆ ಸಾಕು. ಸೌತೆ ತುರಿ ನೀರಿನ ಸಮೇತ 400 ಗ್ರಾಂ, ಬೆಲ್ಲ 130, ಕಾಯಿತುರಿ ಎರಡು ಹಿಡಿ, ಉಪ್ಪು ಚಿಟಿಕೆ. ತುರಿಯನ್ನೂ ಬೆಲ್ಲವನ್ನೂ ದಪ್ಪ ಪಾತ್ರೆಯಲ್ಲಿ ಒಲೆಯ ಮೇಲಿಟ್ಟು ಬೆಲ್ಲ ಕರಗುವವರೆಗೆ ಕೈಯಾಡಿಸಿ. ಆಗ ನೋಡಿದರೆ ‘ಇದೇನು ಪಾಯಸವಾಯ್ತಲ್ಲ’ ಅನಿಸುತ್ತದೆ. ಗಾಬರಿ ಬೇಡ. ರವೆ, ಕಾಯಿ, ಏಲಕ್ಕಿ ಹಾಕಿ ತಿರುವುತ್ತಾ ಹೋದರೆ ಐದಾರು ನಿಮಿಷಕ್ಕೆ ರವೆ ನೀರು ಕುಡಿದು, ಸೌಟಿನಿಂದ ಧಪ್ಪನೆ ಬೀಳುವ ಹದಕ್ಕೆ ಬರುತ್ತದೆ. ತುಪ್ಪ ಸವರಿದ ಏಳು ಇಂಚಿನ ಟಿನ್ನಿಗೆ ಹಾಕಿ, ಮೇಲೆ ಗೋಡಂಬಿ ಒತ್ತಿ 180 ಡಿಗ್ರಿಯಲ್ಲಿ 45 ನಿಮಿಷ ಬೇಯಿಸಿ. ಅಂಚು ಟಿನ್ನು ಬಿಟ್ಟು, ಬೆಲ್ಲ ಕಂದಿದ ವಾಸನೆ ಮನೆಯೆಲ್ಲ ಹರಡಬೇಕು. ನಾಗರಪಂಚಮಿ ಹೊತ್ತಿನಲ್ಲಿ ಅರಿಸಿನದ ಎಲೆ ಸಿಕ್ಕರೆ ಟಿನ್ನಿನ ತಳಕ್ಕೆ ಹಾಸಿ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಪೂರ್ತಿ ಆರುವ ಮುಂಚೆ ಕತ್ತರಿಸಲು ಹೋದರೆ ಚಾಕುವಿಗೇ ಮೆತ್ತಿಕೊಳ್ಳುತ್ತದೆ.

ಆಯಿಗೆ ಓವನ್ ಎಲ್ಲಿತ್ತು? ದಪ್ಪ ಪಾತ್ರೆ ಒಲೆಯ ಮೇಲೆ, ಅದರ ಮುಚ್ಚಳದ ಮೇಲೆ ತೆಂಗಿನ ಕರಟದ ಕೆಂಡ. ಕೆಂಡ ಬೂದಿಯಾದಾಗ ಊದಿ, ಮತ್ತೆರಡು ಕರಟ ಸೇರಿಸುತ್ತಿದ್ದರು. ಕೆಳಗೆ ಉರಿ ಕಡಿಮೆ, ಮೇಲೆ ಕೆಂಡ ಜಾಸ್ತಿ. ತಳ ಹೊತ್ತದೆ ಮೇಲೆ ಕೆಂಪಾಗುವ ಉಪಾಯ ಅದು. ತಣ್ಣಗಾಗಲು ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ತೆಂಗಿನಹಾಲಿನ ಜೊತೆ ಕೊಡುತ್ತಿದ್ದರು. ಮೈದಾ ಇಲ್ಲ, ಸೋಡಾ ಇಲ್ಲ, ಮೊಟ್ಟೆ ಇಲ್ಲ. ರಾತ್ರಿ ಮಾಡಿಟ್ಟರೆ ಬೆಳಗ್ಗೆ ಇನ್ನೂ ರುಚಿ. ನಿಮ್ಮ ಪುರವಣಿ ಹುಡುಕುತ್ತಿರುವುದು ಇಂಥದ್ದನ್ನೇ ಅಲ್ವಾ?

ಇದೊಂದೇ ಅಲ್ಲ. ತುಳುನಾಡಿನಲ್ಲಿ ಕೆಂಡದಡ್ಯೆ ಇದೆ. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಬಾಳೆಎಲೆ, ಮೇಲೂ ಕೆಳಗೂ ಕೆಂಡ. ಮಂಗಳೂರು, ಕಾಸರಗೋಡು ಕಡೆಯ ಬ್ಯಾರಿ ಮನೆಗಳಲ್ಲಿ ಕಲ್ತಪ್ಪ. ನೆನೆಸಿ ರುಬ್ಬಿದ ಅಕ್ಕಿಗೆ ಬಿಸಿ ಬೆಲ್ಲದ ಪಾಕ ಹುಯ್ದು, ಹುರಿದ ಸಣ್ಣ ಈರುಳ್ಳಿ, ಕಾಯಿ ಚೂರು ಸೇರಿಸಿ ಬೇಯಿಸುತ್ತಾರೆ. ಸಿಹಿಗೆ ಈರುಳ್ಳಿಯಾ ಅಂತ ಮುಖ ಸಿಂಡರಿಸಬೇಡಿ, ತಿಂದು ನೋಡಿ. ಕತ್ತರಿಸಿದರೆ ಒಳಗೆಲ್ಲ ಸಣ್ಣ ಸಣ್ಣ ತೂತು. ಗೋವಾದ ಕ್ರೈಸ್ತರ ಮನೆಗಳಲ್ಲಿ ರವೆ, ಕಾಯಿತುರಿ, ಮೊಟ್ಟೆಯ ಬಾತ್ ಕೇಕ್. ಅದರ ಹಿಟ್ಟನ್ನಂತೂ ರಾತ್ರಿ ನೆನೆಯಲು ಬಿಡುವುದೇ ರೂಢಿ. ಇನ್ನು ಬೇಕರಿ ಅಂದರೆ ನಮಗೆ ಹಾಸನ ಕಡೆಯಿಂದ ಬಂದ ಅಯ್ಯಂಗಾರರು. ಅವರ ಮೊದಲ ಬೇಕರಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಶುರುವಾದದ್ದು 1898ರಲ್ಲಿ. ದಿಲ್‌ಪಸಂದ್ ಒಂದನ್ನು ನಾಲ್ಕು ಪಾಲು ಮಾಡಿ ಬೆಳಗ್ಗೆ ಕಾಫಿಗೆ ತಿಂದ ತಲೆಮಾರು ನಮ್ಮದು. ಅದನ್ನು ಮನೆಯಲ್ಲಿ ಮಾಡುವುದು ಹೇಗೆ ಅಂತ ಅಳತೆ ಸಮೇತ ಯಾರೂ ಬರೆದದ್ದು ನಾನಂತೂ ನೋಡಿಲ್ಲ. ನಿಮ್ಮ ವರದಿಗಾರರು ಯಾವುದಾದರೂ ಹಳೆಯ ಬೇಕರಿಯ ಭಟ್ಟಿ ಹತ್ತಿರ ಒಂದು ಬೆಳಗ್ಗೆ ನಿಂತು ಬಂದರೆ ಪುಟ ತುಂಬಾ ಸಾಮಗ್ರಿ ಸಿಗುತ್ತದೆ.

ಬೆಳಗ್ಗೆ ಬೆಳಗ್ಗೆ ಸಿಹಿ ತಿನ್ನುವುದು ನಮ್ಮ ಪದ್ಧತಿಯಲ್ಲ ಅಂತ ಹಿಂದಿನ ವಾರ ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಅವರು ಚೌಚೌ ಬಾತ್ ತಿಂದೇ ಇಲ್ಲವೇ? ಸಕ್ಕರೆ ಕಾಯಿಲೆಯ ಮಾತು ಬೇರೆ. ಅದು ಇದ್ದವರಿಗೆ ಬೆಲ್ಲ ಹಾಕಿದರೂ ಅಷ್ಟೇ, ಸಕ್ಕರೆ ಹಾಕಿದರೂ ಅಷ್ಟೇ. ‘ಬೆಲ್ಲ ಹಾಕಿದ್ದರಿಂದ ಮಧುಮೇಹಿಗಳೂ ತಿನ್ನಬಹುದು’ ಅನ್ನುವ ಸಾಲನ್ನು ರೆಸಿಪಿಗಳ ಕೊನೆಯಿಂದ ದಯವಿಟ್ಟು ತೆಗೆಸಿ. ನನಗೂ ಆ ಕಾಯಿಲೆ ಇದೆ. ನನ್ನ ಪಾಲು ಒಂದು ತೆಳು ಹೋಳು, ಅದೂ ಮನೆಯವಳ ಕಣ್ಗಾವಲಿನಲ್ಲಿ.

ನನ್ನ ಕೋರಿಕೆ ಇಷ್ಟೇ. ತೂಕ ಗ್ರಾಂನಲ್ಲಿ ಇರಲಿ. ಟಿನ್ನು ಎಷ್ಟು ಇಂಚಿನದು ಅಂತ ಹೇಳಿ. ಓವನ್ ಇಲ್ಲದಿದ್ದರೆ ಏನು ಮಾಡಬೇಕು, ರಾತ್ರಿ ಮಾಡಿಟ್ಟರೆ ನಡೆಯುತ್ತದೆಯೇ, ಎರಡು ಸಾಲು ಸೇರಿಸಿ. ದಾಲ್ಚಿನ್ನಿ ರೋಲ್ ಬರಲಿ, ಬೇಡ ಅನ್ನುವುದಿಲ್ಲ. ಅದರ ಪಕ್ಕದಲ್ಲಿ ಒಂದು ವಾರ ತವಸಳಿ, ಒಂದು ವಾರ ಕಲ್ತಪ್ಪ, ಅದನ್ನು ದಿನಾ ಮಾಡುವವರ ಬಾಯಿಂದಲೇ ಕೇಳಿ ಬರೆಸಿ. ತವಸಳಿಯ ಫೋಟೊ ಚೆನ್ನಾಗಿ ಬರುವುದಿಲ್ಲ, ಗೊತ್ತು. ನೋಡಲು ಕಂದು ಬಣ್ಣದ ಒಂದು ತುಂಡು, ಅಷ್ಟೇ. ಫೋಟೊ ಸಣ್ಣದು ಮಾಡಿ, ಉಳಿದ ಜಾಗದಲ್ಲಿ ಅಳತೆ ಹಾಕಿ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕ,
ಶಿವಮೊಗ್ಗ