'ಬೇಡ' ಅಂದವರಿಗೆಲ್ಲ ನಮಸ್ಕಾರ

ಅಪ್ಪಯ್ಯನ ಪಿಕಪ್ ಮತ್ತೆ ರಸ್ತೆಗೆ ಬಂದಿದೆ. ಫಿಟ್‌ನೆಸ್ ಪತ್ರ ಸಿಕ್ಕಿತು, ವಿಮೆ ಆಯಿತು, ನಿನ್ನೆ ಅದರಲ್ಲೇ ಹೊಸನಗರದ ಪೇಟೆಗೆ ಹೋಗಿ ಬಂದೆವು. ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ ಮಾತು: ಎಷ್ಟು ಖರ್ಚಾಯ್ತು? ನಾನು ಹೆದರಿಕೊಂಡಿದ್ದಕ್ಕಿಂತ ಎಷ್ಟೋ ಕಡಿಮೆ. ಯಾಕೆಂದರೆ ದುಡ್ಡು ಸುರಿಯಲು ಹೊರಟಾಗಲೆಲ್ಲ ಯಾರಾದರೊಬ್ಬರು ಅಡ್ಡ ಬಂದು 'ಬೇಡ' ಅಂದರು. ಈ ಬರಹ ಅವರಿಗೆ.

ಗಾಡಿ ಎಂಬತ್ತರ ದಶಕದ ಮಹೀಂದ್ರ. ಮುಂದೆ ಜೀಪಿನದೇ ಮುಖ, ಹಿಂದೆ ಲೋಡ್ ಹಾಕುವ ತೊಟ್ಟಿ. ಒಳಗೆ 2112 ಸಿಸಿಯ ಪ್ಯೂಜೊ ಡೀಸೆಲ್ ಇಂಜಿನ್. ಅಪ್ಪಯ್ಯ ಇದರಲ್ಲೇ ಅಡಿಕೆ ಚೀಲ ಹೇರಿಕೊಂಡು ಶಿವಮೊಗ್ಗದ ಮಂಡಿಗೆ ಹೋಗುತ್ತಿದ್ದರು. ಬರುವಾಗ ಗೊಬ್ಬರ, ಹಿಂಡಿ, ಮೈಲುತುತ್ತ. ಅವರು ತೀರಿಕೊಂಡ ಮೇಲೆ ಗಾಡಿ ಕೊಟ್ಟಿಗೆ ಪಕ್ಕದ ಸೋಗೆ ಮಾಡಿನ ಕೆಳಗೆ ನಿಂತುಬಿಟ್ಟಿತು. ನಮ್ಮ ಕಡೆ ಮಳೆಗೆ ಸೋಗೆ ಎಷ್ಟು ವರ್ಷ ತಡೆದೀತು ಹೇಳಿ.

ಮೊದಲ ನಮಸ್ಕಾರ ಗುಜರಿಯವರಿಗೆ. ಕರೆಸಿದ್ದೇ ಮಾರುವುದಕ್ಕೆ. "ಇಂಜಿನ್ನು, ಗೇರ್‌ಬಾಕ್ಸಿಗೆ ಒಂದು ರೇಟು, ಉಳಿದದ್ದು ಕೆಜಿ ಲೆಕ್ಕ" ಅಂದರು. ಆಮೇಲೆ ಸುತ್ತಿಗೆ ಹಿಡಿದು ಗಾಡಿಯಡಿ ನುಸುಳಿ ಚಾಸಿಯನ್ನು, ಅಂದರೆ ಗಾಡಿಯ ಅಡಿಗಟ್ಟನ್ನು, ಉದ್ದಕ್ಕೂ ತಟ್ಟುತ್ತ ಹೋದರು. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಸದ್ದೇ ಕೊಡುವುದಿಲ್ಲ. ಎದ್ದು ಬಂದು ಮೈ ಕೊಡವಿಕೊಂಡು, "ಚಾಸಿ ಹಂಗೇ ಐತೆ ಗೌಡ್ರೇ. ಕೊಡಬ್ಯಾಡಿ" ಅಂದರು. ವ್ಯಾಪಾರ ಬಿಟ್ಟು ಇಂಥ ಮಾತು ಹೇಳುವುದು ಸುಲಭ ಅಲ್ಲ, ಅಲ್ವಾ?

ಎರಡನೆಯವರು ಮೇಸ್ತ್ರಿ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಜೀಪು ಬಿಚ್ಚುತ್ತಲೇ ತಲೆಕೂದಲು ನರೆತವರು, ಈಗ ಊರು ಸೇರಿದ್ದಾರೆ. ಇಂಜಿನ್ ಪೂರ್ತಿ ಬಿಚ್ಚಿ ಬೋರ್ ಮಾಡಿಸಿಬಿಡೋಣ, ಅಂದರೆ ಸವೆದ ಸಿಲಿಂಡರಿನ ಒಳಮೈ ಕೊರೆಸಿ ನುಣುಪು ಮಾಡಿಸೋಣ ಅಂತ ನಾನು ತೀರ್ಮಾನ ಮಾಡಿಯೇ ಅವರನ್ನು ಕರೆದಿದ್ದೆ. "ಬ್ಯಾಡ. ಬಿಚ್ಚಿದ ಮ್ಯಾಲೆ ಪಿಸ್ಟನ್ನು, ಬೇರಿಂಗು, ಎಲ್ಲಾ ಹೊಸದೇ ಹಾಕಣ ಅನ್ಸುತ್ತೆ. ಮೊದ್ಲು ತಿರುಗುತ್ತಾ ನೋಡಣ" ಅಂದರು.

ಅವರು ಮಾಡಿಸಿದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಇಂಥ ಗಾಡಿ ನಿಲ್ಲಿಸಿಕೊಂಡವರು ನಮ್ಮ ಸೀಮೆಯಲ್ಲಿ ಬಹಳ ಜನ ಇದ್ದಾರೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಲ್ಕೂ ನಾಜಲ್ ಬಿಚ್ಚಿ, ಡೀಸೆಲ್ಲಿಗೆ ಇಂಜಿನ್ ಆಯಿಲ್ ಬೆರೆಸಿ ಒಂದೊಂದು ಸಿಲಿಂಡರಿಗೂ ಸ್ವಲ್ಪ ಸ್ವಲ್ಪ ಬಿಟ್ಟರು. ಬಾಯಿಗೆ ಬಟ್ಟೆ ತುರುಕಿ ಕೆಲವು ದಿನ ಹಾಗೇ ಬಿಟ್ಟರು. ಆ ಎಣ್ಣೆ ಪಿಸ್ಟನ್ ರಿಂಗುಗಳ ಸಂದಿಗೆ ಇಳಿದು ಹಿಡಿತ ಸಡಿಲ ಮಾಡುತ್ತದೆ. ಆಮೇಲೆ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಕ್ರ್ಯಾಂಕನ್ನು (ಇಂಜಿನ್ನಿನ ತಿರುಗುವ ದಂಡ) ಕೈಯಲ್ಲೇ ಅಲ್ಲಾಡಿಸಿದರು. ಮುಂದಕ್ಕೆ ಚೂರು, ಹಿಂದಕ್ಕೆ ಚೂರು. ಜೋರು ಮಾಡಬಾರದು. ಒಂದು ಹಂತದಲ್ಲಿ ಸರಕ್ಕನೆ ಸುತ್ತು ಬಂತು. ನಾಜಲ್ ಇಲ್ಲದೆಯೇ ಇಂಜಿನ್ ತಿರುಗಿಸಿ ಒಳಗಿನ ಎಣ್ಣೆಯನ್ನೆಲ್ಲ ಹೊರಗೆ ಕಕ್ಕಿಸಿದರು. ಎಣ್ಣೆ ಉಳಿದಿರುವಾಗಲೇ ನಾಜಲ್ ಹಾಕಿ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡೇ ಬಾಗಬಹುದು, ಯಾಕೆಂದರೆ ಗಾಳಿ ಒತ್ತಿದರೆ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ.

ಡೀಸೆಲ್ ಟ್ಯಾಂಕಿನ ತಳದಲ್ಲಿ ಕಪ್ಪು ಲೋಳೆ ಕೂತಿತ್ತು. ಅದನ್ನು ಇಳಿಸಿ ತೊಳೆದೆವು. ನಾಜಲ್, ಅದಕ್ಕೆ ಡೀಸೆಲ್ ಒತ್ತುವ ಪಂಪು ಎರಡನ್ನೂ ಶಿವಮೊಗ್ಗದಲ್ಲಿ ಪಂಪ್ ರಿಪೇರಿ ಮಾಡುವ ಭಾಯ್ ಕೈಗೆ ಕೊಟ್ಟೆ. ಅವರೂ ಒಂದು 'ಬೇಡ' ಹೇಳಿದರು: ನಾಜಲ್ ತುದಿ ಮಾತ್ರ ಬದಲಿಸಿ, ಪಂಪು ಚೆನ್ನಾಗಿದೆ. ಸ್ಟಾರ್ಟ್ ಮಾಡುವ ಮೊದಲು ಸಿಲಿಂಡರ್ ಕಾಯಿಸುವ ಹೀಟರ್ ಪ್ಲಗ್ ಸತ್ತುಹೋಗಿತ್ತು, ಅದನ್ನು ಹೊಸದು ಹಾಕಿ, ಪೈಪಿನೊಳಗಿನ ಏರ್ ತೆಗೆದು ಚಾವಿ ತಿರುಗಿಸಿದ ದಿನ ಅಂಗಳ ತುಂಬ ಬಿಳಿ ಹೊಗೆ. ದನಗಳು ಹಗ್ಗ ಕಿತ್ತುಕೊಂಡವು. ಬಿಸಿ ಏರಿದ ಹಾಗೆ ಹೊಗೆ ತಿಳಿಯಾಯಿತು. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆದು ನೋಡಿದ ಮೇಸ್ತ್ರಿ, "ಆಯಿಲ್ ಸ್ವಲ್ಪ ಕುಡಿಯುತ್ತೆ. ಕುಡೀಲಿ ಬಿಡಿ, ವಯಸ್ಸಾಗೈತೆ" ಅಂದರು.

ಬೋರಿಗೆ ಎತ್ತಿಟ್ಟ ದುಡ್ಡು ಬ್ರೇಕಿಗೆ ಹೋಯಿತು. ಇಲ್ಲಿ ಮಾತ್ರ ಮೇಸ್ತ್ರಿ ಉಳಿತಾಯದ ಮಾತೇ ಎತ್ತಲಿಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಎಲ್ಲಕ್ಕೂ ಒಂದೇ ಲೈನು. ಒಂದು ಕಡೆ ಸೋರಿದರೆ ಪೆಡಲ್ ನೆಲ ಮುಟ್ಟುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುವ ಸ್ವಭಾವದ್ದು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ನೀರೇ ಬ್ರೇಕ್ ಸಿಲಿಂಡರಿನ ಒಳಮೈಯನ್ನು ತಿಂದು ಗುಳಿ ಮಾಡಿತ್ತು. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಪೈಪು, ಲೈನಿಂಗ್ ಎಲ್ಲ ಹೊಸದು. ಹುಲಿಕಲ್ ಘಾಟಿ ಇಳಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿಡಿಭಾಗ ಸಿಕ್ಕಿದ್ದು ಹೇಗೆ ಅಂತ ಬೆಂಗಳೂರಿನ ಗೆಳೆಯರಿಗೆ ಆಶ್ಚರ್ಯ. ಮಹೀಂದ್ರದವರು 1947ರಲ್ಲೇ ವಿಲ್ಲೀಸ್ ಜೀಪು ಜೋಡಿಸಲು ಶುರು ಮಾಡಿದವರು. ಅದೇ ವಂಶದ ಗಾಡಿಗಳು ದಶಕಗಟ್ಟಲೆ ಬಂದವು, ಎಷ್ಟೋ ಸಾಮಾನು ಒಂದರದ್ದು ಇನ್ನೊಂದಕ್ಕೆ ಕೂರುತ್ತದೆ. ಕೊಡಚಾದ್ರಿಗೆ ಜೀಪು ಹತ್ತುವ ತನಕ ನಮಗೆ ಜೀಪಿನ ಸಾಮಾನಿಗೆ ಬರವಿಲ್ಲ. ವಿದೇಶದ ಪಿಕಪ್ ರಿಪೇರಿಯ ವಿಡಿಯೋ ನೋಡಿ ಆಸೆಪಟ್ಟು ಅಪರೂಪದ ಗಾಡಿ ತರುವವರು ಮೊದಲು ಸ್ಪೇರ್ಸ್ ಅಂಗಡಿಗೆ ಹೋಗಿ ವಿಚಾರಿಸಿ. ಗಾಡಿ ಸೋವಿ ಸಿಕ್ಕರೂ ಸಾಮಾನು ಸೋವಿ ಸಿಗುವುದಿಲ್ಲ.

ತೀರ್ಥಹಳ್ಳಿಯ ಟಿಂಕರ್ ಅಣ್ಣನಿಗೆ (ಗಾಡಿಯ ತಗಡು ಕೆಲಸದವರು) ನಾನು ಎಷ್ಟು ಹೇಳಿದರೂ ಕಡಿಮೆ. ಕ್ಯಾಬಿನ್ನಿನ ನೆಲ, ಬಾಗಿಲಿನ ಕೆಳ ಅಂಚು, ಗಾಜಿನ ಸುತ್ತಲಿನ ಕಾಲುವೆ ಎಲ್ಲ ಕಡೆ ತುಕ್ಕು. ಇಂಥ ಜಾಗಕ್ಕೆ ದರಗು ಬಿದ್ದು ಕೊಳೆತು ಒದ್ದೆ ಹಿಡಿದಿಟ್ಟುಕೊಳ್ಳುತ್ತದೆ, ಅಲ್ಲಿಂದಲೇ ಶುರು. ಪುಟ್ಟಿ ಬಳಿದು ಬಣ್ಣ ಹೊಡೆದರೆ ಸಾಕಲ್ವಾ ಅಂತ ಕೇಳಿದೆ. ಅವರು ಸ್ಕ್ರೂಡ್ರೈವರ್ ತೆಗೆದು ನೆಲಕ್ಕೆ ಚುಚ್ಚಿದರು. ಹಪ್ಪಳಕ್ಕೆ ಚುಚ್ಚಿದ ಹಾಗೆ ಆಚೆ ಹೋಯಿತು. "ಪುಟ್ಟಿ ಬೇಡ. ಗಟ್ಟಿ ತಗಡು ಸಿಗೋವರೆಗೆ ಕತ್ತರಿಸ್ಬೇಕು, ಅಲ್ಲಿಂದ ಹೊಸ ತಗಡು" ಅಂದರು. 18 ಗೇಜಿನ ತಗಡು ತಂದೆ. ಅಷ್ಟು ತೆಳುವಿಗೆ ನಮ್ಮೂರಿನ ಆರ್ಕ್ ವೆಲ್ಡಿಂಗ್ ಆಗುವುದಿಲ್ಲ, ತೂತು ಬೀಳುತ್ತದೆ. ಅವರದು ಗ್ಯಾಸ್ ವೆಲ್ಡಿಂಗ್. ಅದನ್ನೂ ಒಂದೇ ಸಮ ಎಳೆಯಲಿಲ್ಲ. ಈ ತುದಿಗೆ ಒಂದು ಚುಕ್ಕೆ, ಆ ತುದಿಗೆ ಒಂದು, ಆಮೇಲೆ ನಡುವೆ. ಒಂದೇ ಕಡೆ ಕಾಯಿಸಿದರೆ ತಗಡು ಉಬ್ಬಿ ಅಲೆ ಏಳುತ್ತದೆ.

ಉಳಿದ ತುಕ್ಕು ಉಜ್ಜುವ ಕೆಲಸ ನಮ್ಮದು. ವೈರ್ ಬ್ರಷ್, ಮರಳು ಕಾಗದ, ಆಮೇಲೆ ತುಕ್ಕು ತಡೆಯಲು ಮೊದಲು ಬಳಿಯುವ ರೆಡ್ ಆಕ್ಸೈಡ್. ಬಣ್ಣದಂಗಡಿಯವರು ಕಿವಿ ಹಿಂಡಿ ಹೇಳಿದ ಮಾತು: ಬರೀ ರೆಡ್ ಆಕ್ಸೈಡ್ ಬಳಿದು ಮಳೆಗೆ ಬಿಡಬೇಡಿ, ಅದು ನೀರು ಹೀರುತ್ತದೆ, ಮೇಲಿನ ಬಣ್ಣ ಬೇಗ ಹಚ್ಚಿ. ಹಾಗಾಗಿ ಆ ಕೆಲಸ ಸುಗ್ಗಿಯವರೆಗೆ ಕಾಯಿತು. ಆಗಲೂ ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ ಶುರು, ಬಿಸಿಲು ಇಳಿಯುವ ಮೊದಲೇ ಬಂದ್.

ಬಣ್ಣದ ವಿಷಯದಲ್ಲಿ 'ಬೇಡ' ಅಂದವರು ಅಮ್ಮ. ನನಗೆ ಮಿನುಗುವ ಕಪ್ಪು ಬೇಕಿತ್ತು. "ನಿನ್ನ ಅಪ್ಪಯ್ಯಂದು ನೀಲಿ ಗಾಡಿ. ಕಪ್ಪು ಬಳಿದ್ರೆ ಅದು ಯಾರ್ದೋ" ಅಂದರು. ಬಿಸಿಲು ತಿಂದ ಬಾನೆಟ್ಟಿನಲ್ಲಿ ನೀಲಿ ಯಾವುದು ಅಂತಲೇ ತಿಳಿಯುತ್ತಿರಲಿಲ್ಲ. ನಂಬರ್ ಪ್ಲೇಟ್ ಬಿಚ್ಚಿದರೆ ಅದರ ಹಿಂದೆ ಹೊಸದರಂತೆ ಇತ್ತು. ಅದನ್ನೇ ತೋರಿಸಿ ಎನಾಮಲ್ ಬೆರೆಸಿಸಿದೆ. ಮಿನುಗುವ ಬಣ್ಣಕ್ಕಿಂತ ಸೋವಿ, ಗೀರು ಬಿದ್ದರೆ ಬ್ರಷ್ಷಿನಲ್ಲೇ ತಿದ್ದಬಹುದು.

ಟೈರಿನಂಗಡಿಯವರಿಗೂ ಒಂದು ನಮಸ್ಕಾರ. ಭಾವಮೈದುನನ ಮಾತು ಕೇಳಿ ಅಗಲದ ಟೈರು ಕೇಳಲು ಹೋಗಿದ್ದೆ. ಅವರು ಕೊಡಲೇ ಇಲ್ಲ. ಪವರ್ ಸ್ಟೀರಿಂಗ್ ಇಲ್ಲದ ಗಾಡಿ, ತೋಳು ಬಿದ್ದುಹೋಗುತ್ತದೆ ಅಂತ ಹೇಳಿ ಮಾಮೂಲಿ 6.00-16 ಕಟ್ಟಿ ಕಳಿಸಿದರು. ನಮ್ಮ ಕೆಸರಿಗೆ ಸಪೂರ ಟೈರೇ ಸರಿ, ಕೊಯ್ದುಕೊಂಡು ತಳಕ್ಕೆ ಇಳಿದು ಹಿಡಿತ ಸಿಗುತ್ತದೆ.

ತೊಟ್ಟಿಯ ಹಲಗೆ ಆಚಾರ್ರದ್ದು. ಹೊಸ ಮರ ಕೊಳ್ಳಬೇಡಿ ಅಂದು, ಹಳೇ ಅಟ್ಟ ಬಿಚ್ಚಿದಾಗ ಎತ್ತಿಟ್ಟಿದ್ದ ಮತ್ತಿ ಹಲಗೆಗಳನ್ನೇ ಕೀಸಿ ಹಾಕಿದರು. ಹಲಗೆಗಳ ನಡುವೆ ಬೇಕಂತಲೇ ಸಂದಿ ಬಿಟ್ಟಿದ್ದಾರೆ, ನೀರು ನಿಲ್ಲಬಾರದು ನೋಡಿ.

ಕಾಗದಪತ್ರದ ದಾರಿ ತೋರಿಸಿದವರು ನಮ್ಮೂರಿನ ನಿವೃತ್ತ ಮೇಷ್ಟ್ರು. ಗಾಡಿ ಇನ್ನೂ ಅಪ್ಪಯ್ಯನ ಹೆಸರಲ್ಲಿತ್ತು. ಮಾಲೀಕರು ತೀರಿಕೊಂಡಾಗ ಹೆಸರು ಬದಲಿಸುವುದಕ್ಕೆ ಫಾರಂ 31 ಅಂತ ಬೇರೆಯೇ ಇದೆ. ಅದನ್ನು ತುಂಬಿಸಿಕೊಟ್ಟವರು ಅವರೇ. ವಿಂಟೇಜ್ ಅಂತ ನೋಂದಾಯಿಸುವ ಹುಮ್ಮಸ್ಸು ನನಗೆ ಬಂದಿತ್ತು. 2021ರ ನಿಯಮ ಓದಿ ಹೇಳಿ ಅದನ್ನೂ ಇಳಿಸಿದರು: 50 ವರ್ಷ ದಾಟಿರಬೇಕು, ಆಮೇಲೆ ದಿನನಿತ್ಯ ಓಡಿಸುವಂತೆಯೂ ಇಲ್ಲ. ನಮಗೆ ಅಡಿಕೆ ಹೇರುವ ಗಾಡಿ ಬೇಕು, ಮೆರವಣಿಗೆಗೆ ಅಲ್ಲ.

ಒಂದು 'ಬೇಡ'ಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಸೀಟ್ ಬೆಲ್ಟ್. ಹಳೇ ಗಾಡಿಗೆ ಅದೆಲ್ಲ ಯಾಕೆ ಅಂತ ಎಲ್ಲರೂ ನಕ್ಕರು, ಮೇಸ್ತ್ರಿಯೂ ಸೇರಿ. ನೆಲದಡಿ ದಪ್ಪ ಪ್ಲೇಟು ಕೊಟ್ಟು ಹಾಕಿಸಿಯೇಬಿಟ್ಟೆ. ಈಗ ಮೇಸ್ತ್ರಿ ಹತ್ತಿದ ಕೂಡಲೇ ಬೆಲ್ಟ್ ಎಳೆದುಕೊಳ್ಳುತ್ತಾರೆ, ನಾನು ಏನೂ ಹೇಳುವುದಿಲ್ಲ.

ಎಲ್ಲದರ ನಡುವೆ ತೋಟದ ಅರ್ಧ ಕೆಲಸವನ್ನು ಒಬ್ಬಳೇ ನೋಡಿಕೊಂಡವಳು ನನ್ನ ಹೆಂಡತಿ. ಬಂದ ಮೇಸ್ತ್ರಿ, ಟಿಂಕರ್, ಆಚಾರ್ರಿಗೆ ಹೊತ್ತುಹೊತ್ತಿಗೆ ಊಟ, ಕಾಫಿ. ಅವಳು ಒಂದು ಸಲವೂ ಬೇಡ ಅನ್ನಲಿಲ್ಲ, ಅನ್ನಬಹುದಿತ್ತು. ಅಡಿಕೆ ಸುಲಿತ ಮುಗಿದ ಮೇಲೆ ಮೊದಲ ದೂರದ ಪ್ರಯಾಣ ಅವಳ ತವರಿಗೆ, ಶೃಂಗೇರಿ ಕಡೆಗೆ. ಮಾತು ಕೊಟ್ಟಾಗಿದೆ.

ಹಳೇ ಡೈನಮೊ, ಒಂದು ಜೊತೆ ಕಮಾನು ಪಟ್ಟಿ, ಅರ್ಧ ಡಬ್ಬ ರೆಡ್ ಆಕ್ಸೈಡ್ ಉಳಿದಿವೆ. ಜೀಪು ಎಬ್ಬಿಸುವ ಯೋಚನೆ ಇರುವವರು ಬಂದು ಒಯ್ಯಿರಿ, ದುಡ್ಡು ಬೇಡ. ಮೇಸ್ತ್ರಿ ಭಾನುವಾರ ನಮ್ಮಲ್ಲೇ ಸಿಗುತ್ತಾರೆ. ಇಂಜಿನ್ ಬಿಚ್ಚುವ ಮೊದಲು ಅವರನ್ನು ಒಂದು ಮಾತು ಕೇಳಿ.