ಮಗಳಿಗೊಂದು ಪತ್ರ: ಆ 19 ನಿಮಿಷ

ತಿಕೋಟಾ, ವಿಜಯಪುರ ಜಿಲ್ಲೆ
ನವೆಂಬರ್ ಮೊದಲ ವಾರ

ಪ್ರೀತಿಯ ಮಗಳೇ,

ಫೋನಿನಲ್ಲಿ ಹೇಳಲು ಹೋದರೆ ನೀನು ‘ಹೂಂ ಅಪ್ಪ, ಹೂಂ’ ಅಂತ ಮಾತು ತಿರುಗಿಸುತ್ತೀ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಅವ್ವ ಕಳಿಸುವ ಡಬ್ಬಿಯ ಜೊತೆ ಇದು ಬೆಂಗಳೂರಿಗೆ ಬರುತ್ತದೆ. ಶೇಂಗಾ ಹೋಳಿಗೆ ಮೊದಲು ತಿನ್ನು, ಆಮೇಲೆ ಓದು.

ದೀಪಾವಳಿಗೆ ಬಂದಾಗ ಪಡಸಾಲೆಯಲ್ಲಿ ಕೂತು, ಐಐಎಂನಂಥ ಎಂಬಿಎ ಕಾಲೇಜು ಸೇರಲು ಬರೆಯುವ ಕ್ಯಾಟ್ ಪರೀಕ್ಷೆಯ ಮಾಕ್ ಟೆಸ್ಟ್ ಬರೆದೆಯಲ್ಲ, ಆ ದಿನದ ಮಾತು. ನಾನು ಮೂಲೆಯಲ್ಲಿ ದ್ರಾಕ್ಷಿ ಗಿಡ ಸವರುವ ಚಾಟ್ನಿ ಕತ್ತರಿಗೆ ಎಣ್ಣೆ ಹಚ್ಚುತ್ತಿದ್ದೆ. ನಿನ್ನ ಗಮನ ನನ್ನ ಕಡೆ ಇರಲಿಲ್ಲ. ಎರಡನೇ ಭಾಗ, ಅಂಕಿಅಂಶ ಮತ್ತು ತರ್ಕದ ಡಿಐಎಲ್‌ಆರ್ ಶುರುವಾಯ್ತು. ದುಂಡು ಮೇಜಿನ ಸುತ್ತ ಎಂಟು ಜನ ಕೂರುವ ಲೆಕ್ಕ. ನೀನು ಹಾಳೆಯಲ್ಲಿ ಒಂದು ದುಂಡು ಬರೆದೆ, ಹೆಸರು ತುಂಬಿದೆ, ಹೊಡೆದು ಹಾಕಿದೆ. ಮತ್ತೊಂದು ದುಂಡು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಪೆನ್ನಿನ ಮೊನೆ ಹಾಳೆಯನ್ನು ಹರಿದಿತ್ತು. ನಾನು ಗೋಡೆ ಗಡಿಯಾರ ನೋಡಿದೆ. ಆ ಒಂದೇ ಸೆಟ್ಟಿಗೆ, ಆ ಒಂದೇ ಪ್ರಶ್ನೆಗಳ ಗುಂಪಿಗೆ, 19 ನಿಮಿಷ ಹೋಗಿತ್ತು.

ಆಮೇಲೆ ನೀನು ಉಳಿದ ಸೆಟ್ಟುಗಳ ಮೇಲೆ ಸುಮ್ನೆ ಕಣ್ಣಾಡಿಸಿದೆ, ಅಷ್ಟೇ. ರಾತ್ರಿ ಅವನ್ನು ಮತ್ತೆ ತೆಗೆದೆ. ಎರಡು ಸೆಟ್ಟು, ತಲಾ ನಾಲ್ಕು ಪ್ರಶ್ನೆ, ಹತ್ತು ಹತ್ತು ನಿಮಿಷದಲ್ಲಿ ಬಿಡಿಸಿದೆ. ಒಂದು ಸರಿ ಉತ್ತರಕ್ಕೆ 3 ಅಂಕ, ಅಂದರೆ 24 ಅಂಕ ನಿನ್ನ ಕೈಗೆ ಎಟುಕುವ ಹಾಗೇ ಇದ್ದವು. ಮೊದಲನೆಯದನ್ನು ಯಾಕೆ ಬಿಡಲಿಲ್ಲ ಅಂತ ನಾನು ಕೇಳಿದೆ. ‘ಅಷ್ಟು ಹೊತ್ತು ಕೊಟ್ಟ ಮೇಲೆ ಹೆಂಗ ಬಿಡಲಿ ಅಪ್ಪ?’ ಅಂದೆ. ನಿನ್ನ ಕಣ್ಣು ಒದ್ದೆಯಾಗಿತ್ತು. ಆ ಮಾತು ಇನ್ನೂ ನನ್ನ ತಲೆಯಿಂದ ಹೋಗಿಲ್ಲ.

ನಿನ್ನ ನೋಟ್‌ಬುಕ್ಕಿನ ಮೊದಲ ಹಾಳೆಯ ಫೋಟೋ ತೆಗೆದುಕೊಂಡಿದ್ದೇನೆ, ಸಿಟ್ಟಾಗಬೇಡ. ಮೂರು ಭಾಗ, ಒಂದೊಂದಕ್ಕೆ 40 ನಿಮಿಷ, ಒಟ್ಟು 2 ತಾಸು. ಒಂದು ಭಾಗ ಮುಗಿದರೆ ಹಿಂದಕ್ಕೆ ಹೋಗಲು ಬರುವುದಿಲ್ಲ. ಆಯ್ಕೆ ಕೊಟ್ಟ ಪ್ರಶ್ನೆಗೆ ತಪ್ಪು ಉತ್ತರ ಒತ್ತಿದರೆ 1 ಅಂಕ ಕಳೆಯುತ್ತಾರೆ. ಉತ್ತರ ಟೈಪ್ ಮಾಡುವ ಪ್ರಶ್ನೆಗೆ ಕಳೆಯುವುದಿಲ್ಲ. ಆದರೆ ಕೊನೆಗೆ ನೋಡುವುದು ಪರ್ಸೆಂಟೈಲ್. ಎಷ್ಟು ಜನರಿಗಿಂತ ಮುಂದಿದ್ದೀ ಅನ್ನುವ ಲೆಕ್ಕ ಅದು. ನಿನಗೆ ಕಲ್ಲಾದ ಸೆಟ್ಟು ಬಹಳ ಜನರಿಗೂ ಕಲ್ಲೇ. ಅದನ್ನು ಬಿಟ್ಟು ಮುಂದೆ ಹೋದವರು ಆ 19 ನಿಮಿಷದಲ್ಲಿ ನಿನ್ನನ್ನು ದಾಟಿ ಹೋಗುತ್ತಾರೆ.

ಇದು ನನಗೆ ಹೇಗೆ ಅರ್ಥವಾಯ್ತು ಅಂದರೆ, ಈಗ ತೋಟದಲ್ಲಿ ನಡೆದಿರುವುದೂ ಅದೇ ಕೆಲಸ. ಅಕ್ಟೋಬರ್ ಚಾಟ್ನಿ ಮುಗಿದು 20 ದಿನ ಆಯ್ತು. ಕಣ್ಣು ಒಡೆದು ಗೊನೆ ಕಾಣುತ್ತಿವೆ. ಬೆಳಿಗ್ಗೆಯಿಂದ ಸಂಜೆವರೆಗೆ ನಾನು, ಅವ್ವ, ನಾಲ್ಕು ಆಳು ಗಿಡದಿಂದ ಗಿಡಕ್ಕೆ ಹೋಗಿ ಹೆಚ್ಚಾದ ಗೊನೆ ತೆಗೆಯುತ್ತಿದ್ದೇವೆ. ಹಸಿರು ಗೊನೆ, ಬೆರಳಿನಷ್ಟು ಉದ್ದ, ಕಾಳು ಇನ್ನೂ ಸಾಸಿವೆಗಿಂತ ಸಣ್ಣವು. ಕೈಯಲ್ಲಿ ಹಿಡಿದರೆ ಕಿತ್ತು ಹಾಕಲು ಮನಸ್ಸೇ ಬರುವುದಿಲ್ಲ.

ನೀನು ಪಿಯುಸಿಗೆ ಸೇರಿದ ವರ್ಷ ನಾನು ತೆಗೆಯಲಿಲ್ಲ. ನಿನಗೆ ಇದನ್ನು ಹೇಳಿರಲಿಲ್ಲ. ಗಿಡದ ತುಂಬ ಗೊನೆ, ಬೋರ್‌ವೆಲ್ಲಿಗೆ ಮಾಡಿದ ಸಾಲ ಬೇರೆ, ಎಲ್ಲಾ ಇರಲಿ ಅಂತ ಬಿಟ್ಟುಕೊಂಡೆ. ಅಷ್ಟನ್ನೂ ಸಾಕುವ ಶಕ್ತಿ ಗಿಡಕ್ಕಿರಲಿಲ್ಲ. ಫೆಬ್ರವರಿ ಮುಗಿದರೂ ಹಣ್ಣಿಗೆ ಸಿಹಿ ಏರಲಿಲ್ಲ. ಒಳ್ಳೆ ಹಣ್ಣಾದರೆ ಸುಮಾರು 4 ಕಿಲೋ ಹಸಿ ದ್ರಾಕ್ಷಿಗೆ 1 ಕಿಲೋ ಒಣದ್ರಾಕ್ಷಿ ಬರುತ್ತದೆ. ಆ ವರ್ಷ 5 ಕಿಲೋಗಿಂತ ಜಾಸ್ತಿ ಹಿಡಿಯಿತು. ಕಾಳು ಬಡಕಲು, ಬಣ್ಣ ಕಪ್ಪು. ಮಹಾರಾಷ್ಟ್ರದ ತಾಸಗಾಂವ್ ಮಾರ್ಕೆಟ್ಟಿನಲ್ಲಿ ವ್ಯಾಪಾರಿ ಒಂದು ಹಿಡಿ ತೆಗೆದು ನೋಡಿ ಏನೂ ಹೇಳದೆ ತಟ್ಟೆಗೆ ವಾಪಸ್ ಹಾಕಿದ. ರಾತ್ರಿ ಬಸ್ಸಿನಲ್ಲಿ ಬರುವಾಗ ಅತ್ತಿದ್ದೇನೆ ಮಗಳೇ. ಮುಂದಿನ ನವೆಂಬರ್‌ನಿಂದ ಕೈ ನಡುಗಿದರೂ ಗೊನೆ ತೆಗೆಯುತ್ತಿದ್ದೇನೆ.

ನೀನು ಆ ಸೆಟ್ ಯಾಕೆ ಬಿಡಲಿಲ್ಲ ಅನ್ನುವುದು ನನಗೆ ಗೊತ್ತು. ಹಬ್ಬದ ಹಿಂದಿನ ರಾತ್ರಿ ನಾನೂ ಅವ್ವನೂ ಫೀಸಿನ ಮಾತಾಡುತ್ತಿದ್ದೆವು. 20 ಲಕ್ಷದ ಮೇಲೆ ಆಗುತ್ತದೆ, ಕೆಳಗಿನ 2 ಎಕರೆ ನೋಡಬೇಕಾಗಬಹುದು ಅಂತ ನಾನು ಅಂದೆ. ನೀನು ಮಲಗಿರಲಿಲ್ಲ, ಅಲ್ವಾ? ಮರುದಿನ ಒಂದೊಂದು ಪ್ರಶ್ನೆಯೂ ನಿನಗೆ ಆ ಹೊಲದ ಹಾಗೆ ಕಂಡಿರಬೇಕು. ಆ ಮಾತು ನಾನು ಆಡಬಾರದಿತ್ತು.

ಹೊಲ ಎಲ್ಲಿಗೂ ಹೋಗುವುದಿಲ್ಲ. ಸೋಮವಾರ ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಮುಂದೆ ಅರ್ಧ ತಾಸು ಕೂತು ಬಂದೆ. 2024ರಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಐಐಎಂಗಳಂಥ ಆಯ್ದ ಕಾಲೇಜಿಗೆ ಅಡಮಾನವಿಲ್ಲದೆ, ಜಾಮೀನುದಾರರಿಲ್ಲದೆ ಸಾಲ ಸಿಗುತ್ತದೆ. ಕೆಲಸ ಸಿಕ್ಕ ಮೇಲೆ ನೀನು ತೀರಿಸು, ಕಡಿಮೆ ಬಿದ್ದರೆ ನಾನಿದ್ದೇನೆ. ದುಡ್ಡಿನ ಚಿಂತೆ ಪರೀಕ್ಷೆಯ ಕೋಣೆಗೆ ಒಯ್ಯಬೇಡ.

ಇಂಗ್ಲಿಷ್ ಭಾಗದ ಬಗ್ಗೆ ನಿನಗೆ ಹೆದರಿಕೆ ಜಾಸ್ತಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದವಳು ಅಂತ ನೀನೇ ನಿನ್ನನ್ನು ಕಡಿಮೆ ಮಾಡಿಕೊಳ್ಳುತ್ತೀ. ಅಲ್ಲಿ ಹೆಚ್ಚಿನ ಪಾಲು ಪ್ಯಾಸೇಜ್ ಓದಿ ಉತ್ತರ ಕೊಡುವುದೇ ಅಲ್ವಾ? ನೀನು ಐದನೇ ಕ್ಲಾಸಿನಲ್ಲಿದ್ದಾಗ ಅಜ್ಜಿಗೆ, ನಿನ್ನ ಆಯಿಗೆ, ದಿನಾ ಪೇಪರ್ ಓದಿ ಹೇಳುತ್ತಿದ್ದೆ. ಓದಿ ಮುಗಿಸಿದ ಕೂಡಲೇ ಆಯಿ, ‘ಹಂಗಾರ ಅಂವ ಏನ್ ಅಂತಾನ?’ ಅಂತ ಕೇಳುತ್ತಿದ್ದಳು. ನೀನು ಎರಡೇ ಮಾತಿನಲ್ಲಿ ಹೇಳುತ್ತಿದ್ದೆ. ಈಗ ಇಂಗ್ಲಿಷ್ ಪೇಪರಿನ ಸಂಪಾದಕೀಯ ದಿನಕ್ಕೆ ಒಂದು ಓದು, ಪುಟ ಮುಚ್ಚು, ಆಯಿ ಮುಂದೆ ಕೂತಿದ್ದಾಳೆ ಅಂದುಕೊಂಡು ಕನ್ನಡದಲ್ಲೇ ಎರಡು ಮಾತು ಹೇಳು. ಅರ್ಥ ಹಿಡಿಯುವುದು ನಿನಗೆ ಆಗಲೇ ಬಂದಿತ್ತು. ಹೊಸ ಶಬ್ದ ಕಲಿಯಬೇಕು, ಅಷ್ಟೇ.

ಮದುವೆ ಮಾತು ತೆಗೆದವರಿಗೆ ನಾನು ಉತ್ತರ ಕೊಟ್ಟಿದ್ದೇನೆ. ಅದರ ಬಗ್ಗೆ ನಿನಗೆ ಯಾರೂ ಫೋನ್ ಮಾಡುವುದಿಲ್ಲ.

ಇನ್ನು ದಿನಾ ಹೊಸ ಮಾಕ್ ಬರೆಯಬೇಡ. ವಾರಕ್ಕೆ ಎರಡು ಸಾಕು. ಬರೆದ ಮರುದಿನ ಪೂರ್ತಿ ಅದರ ಮುಂದೆಯೇ ಕೂರು. ಸೆಟ್ಟುಗಳ ಭಾಗ ತೆರೆದ ಕೂಡಲೇ ಮೊದಲ ನಾಲ್ಕು ನಿಮಿಷ ಪೆನ್ನು ಮುಟ್ಟದೆ ಎಲ್ಲಾ ಸೆಟ್ಟು ಓದಿ ನೋಡು. ಯಾವುದನ್ನು ಬಿಡುತ್ತೀ ಅಂತ ಆಗಲೇ ಗುರುತು ಹಾಕಿಕೋ. ಗಿಡದ ಸುತ್ತ ಒಂದು ಸಲ ತಿರುಗಿ ನೋಡದೆ ನಾನೂ ಕತ್ತರಿ ಎತ್ತುವುದಿಲ್ಲ.

ನವೆಂಬರ್ ಕೊನೆಯ ಭಾನುವಾರ ನಿನ್ನ ಪರೀಕ್ಷೆ. ಆ ಹೊತ್ತಿಗೆ ತೋಟ ಹೂವಿನಲ್ಲಿರುತ್ತದೆ. ಮೋಡ ಕವಿದರೆ ಡೌನಿ ರೋಗ ಬರುವ ದಿನಗಳು, ತೋಟ ಬಿಟ್ಟು ಬರಲು ನನಗೆ ಆಗುವುದಿಲ್ಲ. ಆದರೆ ಫೋನ್ ಅಂಗಿ ಜೇಬಿನಲ್ಲೇ ಇರುತ್ತದೆ. ಹೊರಗೆ ಬಂದು ನೀರು ಕುಡಿದು ಫೋನ್ ಮಾಡು. ಹೇಗಾಯ್ತು ಅಂತ ನಾನು ಕೇಳುವುದಿಲ್ಲ. ಯಾವ ಸೆಟ್ ಬಿಟ್ಟೆ ಅಂತ ಮೊದಲು ಹೇಳು.

ನಿನ್ನ
ಅಪ್ಪ